ಬಳಗದಿಂದ ಕಣ್ಣಳತೆಯ ದೂರದಲ್ಲಿ

ಹಿತ್ತಿಲಿನಲ್ಲಿ ಬಾತುಗಳನ್ನು ಕೋಳಿಗಳೊಡನೆ ಬೆರೆಸಿ ಸಾಕಿದವರ ಮನೆಯಲ್ಲಿ, ಅವುಗಳೊಳಗೊಂದು ನಾಯಿಯ ಬಾಯಿಗೋ ಮುಂಗುಸಿಯ ಹಲ್ಲಿಗೋ ಸಿಕ್ಕಿ ಗಾಯಗೊಂಡು ಬಿದ್ದಾಗ, ಸಾಕಿದವರ ಮನಸ್ಸು ಮೊಟ್ಟಮೊದಲು ಔಷಧದ ಕಡೆಗೆ ಹರಿಯುವುದು ಸಹಜವೇ ಸರಿ. ಆದರೆ ಚರ್ಮ ಕೂಡಿಕೊಂಡು ಎಲುಬು ಬೆಸೆದುಕೊಂಡ ಮಾತ್ರಕ್ಕೆ ಬಾತು ಚೇತರಿಸಿಕೊಂಡಿತೆಂದು ಹೇಳಲಾಗದು. ಅದು ತನ್ನ ಬಳಗದ ನಡುವೆ ಹಿಂದಿನಂತೆ ನಿರ್ಭಯವಾಗಿ ಮೇದು, ಮಿಂದು, ರಾತ್ರಿ ಎರಡು ಕಣ್ಣನ್ನೂ ಮುಚ್ಚಿ ಮಲಗುವಂತಾದ ದಿನವೇ ಚಿಕಿತ್ಸೆ ಮುಗಿದ ದಿನ. ಗಾಯದ ಹಕ್ಕಿಯನ್ನು ಗುಂಪಿನ ಕೊಕ್ಕುಗಳಿಂದ ಕಾಪಾಡಬೇಕು, ಅದೇ ಕಾಲಕ್ಕೆ ಗುಂಪಿನ ನೋಟದಿಂದ ಅದನ್ನು ಅಗಲಿಸಲೂ ಕೂಡದು: ಇವೆರಡನ್ನೂ ಒಟ್ಟಿಗೆ ಸಾಧಿಸುವುದರಲ್ಲಿಯೇ ಈ ಶುಶ್ರೂಷೆಯ ಕೌಶಲವೆಲ್ಲ ಅಡಗಿದೆಯೆಂದು ನಾನು ನಂಬಿದ್ದೇನೆ, ಆ ನಂಬಿಕೆಗೆ ಆಧಾರವಾದ ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇನೆ.

ನಮ್ಮ ಸಾಕುಬಾತುಗಳಲ್ಲಿ ಬಹುಪಾಲು, ಉತ್ತರ ಭೂಖಂಡಗಳ ಕೆರೆಸರೋವರಗಳಲ್ಲಿ ವಾಸಿಸುವ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ದಕ್ಷಿಣ ಅಮೆರಿಕದ ಮೂಲದ ಮಸ್ಕವಿ ಬಾತೊಂದೇ ಇದಕ್ಕೆ ಹೊರತು. ಸಹಸ್ರಾರು ವರ್ಷಗಳ ಸಾಕಣೆಯಿಂದ ಮೈ ಭಾರವಾಗಿ, ಹಾರುವ ಶಕ್ತಿ ಕುಂದಿದರೂ, ಗುಂಪಿನಲ್ಲಿ ಬಾಳಿ ಗುಂಪಿನಿಂದಲೇ ಕ್ಷೇಮವನ್ನು ಪಡೆಯುವ ಪೂರ್ವಜರ ಸ್ವಭಾವ ಅವುಗಳಲ್ಲಿ ಲವಲೇಶವೂ ಸವೆದಿಲ್ಲ. 1999ರಲ್ಲಿ ಅಮೆರಿಕದ ಇಂಡಿಯಾನಾ ಸಂಸ್ಥಾನದ ವಿಜ್ಞಾನಿಗಳು ಮಲ್ಲಾರ್ಡ್ ಬಾತುಗಳನ್ನು ನಾಲ್ಕು ನಾಲ್ಕಾಗಿ ಸಾಲಿನಲ್ಲಿ ಇರಿಸಿ ಅವುಗಳ ನಿದ್ರೆಯನ್ನು ಪರೀಕ್ಷಿಸಿದರು. ಸಾಲಿನ ನಡುವಿನವು ಹೆಚ್ಚಾಗಿ ಎರಡು ಕಣ್ಣನ್ನೂ ಮುಚ್ಚಿ ಪೂರ್ಣನಿದ್ರೆ ಮಾಡಿದರೆ, ಅಂಚಿನವು ಹೊರಪಕ್ಕದ ಕಣ್ಣನ್ನು ತೆರೆದಿಟ್ಟು, ಮಿದುಳಿನ ಅರ್ಧವನ್ನು ಎಚ್ಚರವಾಗಿರಿಸಿ ಉಳಿದರ್ಧವನ್ನು ಮಾತ್ರ ನಿದ್ರೆಗೆ ಒಪ್ಪಿಸುತ್ತಿದ್ದವು; ಈ ಅರೆನಿದ್ರೆಯ ಪ್ರಮಾಣ ಅಂಚಿನಲ್ಲಿದ್ದಾಗ ನಡುವಿನಲ್ಲಿದ್ದುದಕ್ಕಿಂತ ಎರಡೂವರೆ ಪಟ್ಟು ಆಗುತ್ತಿತ್ತು. ಮನೆಯೊಳಗಿನ ಕೋಣೆಯಲ್ಲಿ ಒಂಟಿಯಾಗಿ ಕೂಡಿಟ್ಟ ಬಾತಿಗಾದರೋ ಎಡಬಲಗಳೆರಡೂ ಅಂಚೇ. ಮೈಯ ನೋವಿನೊಡನೆ ಈ ಅವಿರತವಾದ ಕಾವಲಿನ ಆಯಾಸವೂ ಸೇರಿದ ಮೇಲೆ ಅದು ಆಹಾರವನ್ನು ಬಿಟ್ಟು ಮಂಕಾಗಿ ಕೂರುವುದರಲ್ಲಿ ಆಶ್ಚರ್ಯವೇನಿದೆ? ಗಾಯದ ಲಕ್ಷಣವೆಂದು ನಾವು ಭಾವಿಸುವ ಎಷ್ಟೋ ಮಂಕು ವಾಸ್ತವದಲ್ಲಿ ಏಕಾಂತದ ಲಕ್ಷಣ.

ಹಾಗೆಂದು ಗಾಯದ ಬಾತನ್ನು ಗುಂಪಿನೊಳಗೇ ಬಿಟ್ಟುಬಿಡುವುದು ಅದಕ್ಕಿಂತಲೂ ಕ್ರೂರವಾದೀತು. ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಮೇಲುಕೀಳಿನ ಶ್ರೇಣಿಯುಂಟು. ಬಾಲ್ಯದಿಂದಲೇ ಹೇಂಟೆಗಳ ನಡವಳಿಕೆಯನ್ನು ಬರೆದಿಡುತ್ತ ಬಂದ ನಾರ್ವೆಯ ಥಾರ್ಲೀಫ್ ಶೆಲ್ಡರುಪ್ ಎಬ್ಬೆ 1920ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಶಾಸ್ತ್ರೀಯವಾಗಿ ನಿರೂಪಿಸಿದನು. ಈ ಶ್ರೇಣಿಯಲ್ಲಿ ಶಕ್ತಿಗುಂದಿದ ಹಕ್ಕಿ ಕೆಳಕ್ಕೆ ಜಾರುವುದು ಗಂಟೆಗಳ ಮಾತು. ಅದಕ್ಕೆ ಮೇಲಾಗಿ ಕೆಂಪು ಬಣ್ಣವೆಂದರೆ ಕೋಳಿಯ ಕೊಕ್ಕಿಗೆ ತಡೆಯಲಾಗದ ಆಕರ್ಷಣೆ. ತೆರೆದ ಗಾಯವನ್ನು ಒಂದು ಹೇಂಟೆ ಕುಕ್ಕಿತೆಂದರೆ ಉಳಿದವು ಅದನ್ನೇ ಅನುಸರಿಸುತ್ತವೆ, ಒಮ್ಮೆ ರಕ್ತದ ರುಚಿ ಹತ್ತಿದ ಮೇಲೆ ಸಾಯುವವರೆಗೂ ಕುಕ್ಕುವುದುಂಟು. ಬಾತುಗಳು ತಮ್ಮತಮ್ಮೊಳಗೆ ಇಷ್ಟು ನಿಷ್ಠುರವಲ್ಲ. ಅವುಗಳಿಂದ ಬರುವ ಅಪಾಯ ಬೇರೆ ಬಗೆಯದು. ಬಾಲದ ಮೇಲಿನ ಸುರುಳಿ ಗರಿಯಿಂದಲೂ, ಹೆಣ್ಣಿನ ಗಟ್ಟಿಯಾದ ಕೂಗಿಗೆ ಬದಲಾಗಿ ಹೊರಡುವ ಒಡಕಾದ ಮೆಲುದನಿಯಿಂದಲೂ ಗುರುತಿಸಬಹುದಾದ ಗಂಡು ಬಾತು, ಓಡಲಾರದ ಹೆಣ್ಣನ್ನು ಕಂಡರೆ ಬಿಡುವುದಿಲ್ಲ. ಕುತ್ತಿಗೆಯ ಗರಿಗಳನ್ನು ಕಚ್ಚಿಹಿಡಿದು ಬೆನ್ನೇರಿ, ಇದ್ದ ಗಾಯವನ್ನು ಹರಿದು ಹೊಸದನ್ನು ಮಾಡುತ್ತದೆ. ಒಂದು ಗಂಡಿಗೆ ನಾಲ್ಕರಿಂದ ಆರು ಹೆಣ್ಣುಗಳಿರಬೇಕೆಂಬ ಹಳೆಯ ನಿಯಮ ಬಂದದ್ದು ಈ ಕಾರಣದಿಂದಲೇ. ಬೆರೆತ ಗುಂಪುಗಳಲ್ಲಿ ಗಂಡು ಬಾತು ಹೇಂಟೆಗಳನ್ನು ಏರಿ ಅವಕ್ಕೆ ಒಳಗಾಯ ಮಾಡುವುದೂ ಉಂಟಾದ್ದರಿಂದ, ಗಾಯ ಯಾರಿಂದ ಆಯಿತೆಂದು ತಿಳಿಯದಾಗ ಸಂಶಯವನ್ನು ಹೊರಗಿನ ಪ್ರಾಣಿಯ ಮೇಲೆ ಮಾತ್ರವೇ ಇಡುವುದು ಸರಿಯಲ್ಲ.

ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಹೀಗೆ ಗಾಯಗೊಂಡ ಬಾತು ಖಾಕಿ ಕ್ಯಾಂಪ್‌ಬೆಲ್ ತಳಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಅಡೇಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ರೂಪಿಸಿದ ಈ ತಳಿಯನ್ನು ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿಸಾಕಣೆಯ ಸಂಸ್ಥೆ ನಮ್ಮ ರೈತರಿಗೆ ಪರಿಚಯಿಸಿದೆ. ಮೊಟ್ಟೆಯಿಡುವುದರಲ್ಲಿ ಅದ್ವಿತೀಯವಾದ ಈ ಬಾತಿಗೆ ಕಾವಿಗೆ ಕೂರುವ ಬುದ್ಧಿ ಬಹುಮಟ್ಟಿಗೆ ಹೋಗಿಬಿಟ್ಟಿದೆಯಾಗಿ, ಅದರ ಮೊಟ್ಟೆಗಳನ್ನು ಕಾವಿಗೆ ಕೂತ ನಾಟಿ ಹೇಂಟೆಯ ಅಡಿಯಲ್ಲಿ ಇಡುವುದು ಮಲೆನಾಡಿನ ಮನೆಗಳ ವಾಡಿಕೆ. ತನ್ನ ಮೊಟ್ಟೆಗಳಿಗೆ 21 ದಿನ ಸಾಕಾದರೂ, ಬಾತಿನ ಮೊಟ್ಟೆಗೆ ಬೇಕಾದ 28 ದಿನವೂ ಆ ತಾಯಿ ಕದಲದೆ ಕೂರುತ್ತದೆ. ಹೀಗೆ ಹೇಂಟೆಯ ರೆಕ್ಕೆಯಡಿಯಲ್ಲಿ ಕಣ್ಣುಬಿಟ್ಟ ಬಾತು, ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಬಗೆಯುತ್ತದೆ. ಹೆಬ್ಬಾತಿನ ಮರಿಗಳಲ್ಲಿ ಈ ಗುಣವನ್ನು ಆಳವಾಗಿ ಶೋಧಿಸಿದ ಆಸ್ಟ್ರಿಯಾದ ಕಾನ್ರಾಡ್ ಲಾರೆನ್ಸ್‌ಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆತುದನ್ನು ಓದುಗರು ಬಲ್ಲರು. ಆದಕಾರಣ ನಮ್ಮ ಬಾತಿಗೆ ಬಳಗವೆಂದರೆ ಬಾತುಗಳಷ್ಟೇ ಆಗಿರಲಿಲ್ಲ. ತನ್ನೊಡನೆ ಬೆಳೆದ ಕಂದು ಬಣ್ಣದ ಹೇಂಟೆಯೊಂದನ್ನು ಅದು ಎಂದೂ ಅಗಲುತ್ತಿರಲಿಲ್ಲ.

ಮಳೆಗಾಲದ ಒಂದು ಸಂಜೆ ಬೀದಿನಾಯಿಯೊಂದು ಗದ್ದೆಯಂಚಿನಿಂದ ನುಗ್ಗಿ ಅದರ ಬೆನ್ನನ್ನೂ ಬಲಗಾಲನ್ನೂ ಹಿಡಿಯಿತು. ಬಿಡಿಸಿ ತಂದ ಬಾತನ್ನು ಮನೆಯವರು ಎರಡು ಅಂಗೈಗಳಿಂದ ರೆಕ್ಕೆಸಮೇತ ಮೈಯನ್ನು ಅಪ್ಪಿ, ಕಾಲುಗಳಿಗೆ ಆಸರೆ ಕೊಟ್ಟು ಎತ್ತಿದರು. ಬಾತಿನ ಕಾಲು ಅದರ ಮೈಭಾರದ ಮುಂದೆ ಬಹಳ ದುರ್ಬಲ. ಕೋಳಿಯನ್ನು ಹಿಡಿಯುವಂತೆ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರೆ ಇರದಿದ್ದ ಉಳುಕೂ ಬಂದೀತು. ಆ ರಾತ್ರಿಯ ಮಟ್ಟಿಗೆ ಬೇಕಾದದ್ದು ಮೂರೇ: ಸೋರುವ ರಕ್ತದ ಮೇಲೆ ಶುಭ್ರವಾದ ಬಟ್ಟೆಯ ಒತ್ತು, ಬೆಚ್ಚನೆಯ ಮಬ್ಬುಗತ್ತಲೆ, ನಿಶ್ಶಬ್ದ. ಹಕ್ಕಿಗಳ ಮೈಯ ಸಹಜವಾದ ಶಾಖ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು; ರಕ್ತ ಕಳೆದುಕೊಂಡು ಬೆದರಿದ ಹಕ್ಕಿ ಈ ಶಾಖವನ್ನು ಉಳಿಸಿಕೊಳ್ಳಲಾರದೆ ಗಾಯಕ್ಕಿಂತ ಮೊದಲು ಆಘಾತದಿಂದಲೇ ಪ್ರಾಣಬಿಡುವ ಸಂಭವ ಹೆಚ್ಚು.

ಗಾಯವನ್ನು ತೊಳೆಯುವುದಕ್ಕೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿದರೆ ಸಾಕು. ಸುತ್ತಲಿನ ಗರಿಗಳನ್ನು ಕಿತ್ತು ಹಿಂಸಿಸದೆ ಕತ್ತರಿಯಿಂದ ಕತ್ತರಿಸಿ ನೋಡಿದಾಗಲೇ ಹಲ್ಲಿನ ಗುರುತುಗಳು ಕಾಣಿಸುವುದು. ಇವು ಮೇಲೆ ಸಾಸಿವೆಯಷ್ಟಿದ್ದು ಒಳಗೆ ಬೆರಳುದ್ದ ಇಳಿದಿರಬಹುದು. ನಾಯಿ ಬೆಕ್ಕುಗಳ ಬಾಯಲ್ಲಿ ವಾಸಿಸುವ ಪಾಸ್ಚುರೆಲ್ಲಾ ಎಂಬ ಸೂಕ್ಷ್ಮಾಣು ಹಕ್ಕಿಗಳಿಗೆ ಮಾರಕವಾದುದರಿಂದ, ಗಾಯ ಸಣ್ಣದೆಂದು ಉಪೇಕ್ಷಿಸದೆ ಮರುದಿನವೇ ಪಶುವೈದ್ಯರಲ್ಲಿಗೆ ಒಯ್ದು ಪ್ರತಿಜೀವಕವನ್ನು ಕೊಡಿಸುವುದು ಅವಶ್ಯ. ಇದರಲ್ಲಿ ಇನ್ನೊಂದು ವಿಶೇಷವನ್ನು ತಿಳಿದಿರಬೇಕು. ಹಕ್ಕಿಯ ಕೀವು ನಮ್ಮದರಂತೆ ದ್ರವವಾಗಿ ಹರಿಯದೆ ಗಿಣ್ಣಿನಂತೆ ಗಟ್ಟಿಯಾಗುತ್ತದೆ. ಹಿಸುಕಿ ತೆಗೆಯುತ್ತೇನೆಂದು ಹೊರಟವರು ನೋವನ್ನಲ್ಲದೆ ಬೇರೇನನ್ನೂ ತೆಗೆಯಲಾರರು, ವೈದ್ಯರೇ ಅದನ್ನು ಬಿಡಿಸಬೇಕು.

ನೋವಿನ ಮಾತ್ರೆಗಳ ವಿಷಯದಲ್ಲಂತೂ ಕಟ್ಟೆಚ್ಚರ ಬೇಕು. ಕೊಟ್ಟಿಗೆಯ ದನಕ್ಕೆ ಕೊಡುವ ಮದ್ದನ್ನು ಅಳತೆ ತಗ್ಗಿಸಿ ಹಕ್ಕಿಗೂ ಕೊಡಬಹುದೆಂಬ ಭಾವನೆ ಹಳ್ಳಿಗಳಲ್ಲಿ ಬಲವಾಗಿದ್ದರೂ ಅದು ತಪ್ಪು. ಡೈಕ್ಲೊಫೆನಾಕ್ ಎಂಬ ಒಂದೇ ಔಷಧ, ಅದನ್ನು ಸೇವಿಸಿ ಸತ್ತ ದನಗಳ ಮಾಂಸದ ಮೂಲಕ, ಭರತಖಂಡದ ರಣಹದ್ದುಗಳ ಮೂತ್ರಪಿಂಡಗಳನ್ನು ಹಾಳುಗೆಡವಿ, ಆಕಾಶವನ್ನು ತುಂಬಿದ್ದ ಆ ಪಕ್ಷಿಕುಲವನ್ನು ಹದಿನೈದು ವರ್ಷಗಳೊಳಗೆ ನಾಮಾವಶೇಷದ ಅಂಚಿಗೆ ತಂದಿತು. 2006ರಲ್ಲಿ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ವೇಳೆಗೆ ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದವು ಬೆರಳೆಣಿಕೆಯಷ್ಟು. ರಣಹದ್ದುಗಳಿಗೆ ನಿರಪಾಯಕರವೆಂದು ಆಗ ಸಿದ್ಧವಾದ ಮೆಲಾಕ್ಸಿಕಾಮ್ ಎಂಬ ಔಷಧವನ್ನೇ ಈಗ ಬಾತುಗಳ ನೋವಿಗೂ ವೈದ್ಯರು ಬಳಸುತ್ತಾರೆ. ಅದರ ಅಳತೆಯನ್ನು ಹಕ್ಕಿಯ ತೂಕ ನೋಡಿ ನಿರ್ಧರಿಸತಕ್ಕವರು ಅವರೇ.

ನಮ್ಮ ಬಾತಿನ ಎಲುಬು ಮುರಿದಿರಲಿಲ್ಲ. ರೆಕ್ಕೆ ಮುರಿದ ಸಂದರ್ಭದಲ್ಲಿ ಮಾತ್ರ ಕಟ್ಟು ಕಟ್ಟುವವರು ನೆನಪಿಡಬೇಕಾದದ್ದೆಂದರೆ, ಹಕ್ಕಿಗಳಿಗೆ ನಮ್ಮಂತೆ ವಪೆಯಿಲ್ಲ. ಎದೆಯೆಲುಬು ಮುಂದಕ್ಕೂ ಹಿಂದಕ್ಕೂ ಆಡುವುದರಿಂದಲೇ ಉಸಿರು ಒಳಹೊಕ್ಕು ಹೊರಡುವುದರಿಂದ, ಎದೆಯ ಸುತ್ತ ಬಿಗಿಯಾಗಿ ಸುತ್ತಿದ ಬಟ್ಟೆ ಅದನ್ನು ಉಸಿರುಗಟ್ಟಿಸಿ ಕೊಲ್ಲಬಲ್ಲದು. ರೆಕ್ಕೆಯ ಮೇಲ್ತುದಿಯ ಎಲುಬು ಟೊಳ್ಳಾಗಿ ಶ್ವಾಸದ ಚೀಲಗಳೊಡನೆ ಕೂಡಿಕೊಂಡಿರುವುದರಿಂದ, ಅದು ಮುರಿದು ತೆರೆದಿದ್ದರೆ ಅದರೊಳಕ್ಕೆ ನೀರು ಸುರಿಯುವುದೂ ಕೂಡದು.

ಮೊದಲ ರಾತ್ರಿ ಕಳೆದ ಮೇಲೆ ಬಾತನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಿತು. ಮನೆಯ ಹಿಂದಿನ ಕೋಣೆ ಬೆಚ್ಚಗೂ ಭದ್ರವಾಗಿಯೂ ಇದ್ದಿತು. ಆದರೆ ಆಯುಷ್ಯವೆಲ್ಲ ಕೋಳಿಒಡ್ಡಿಯ ಮಗ್ಗುಲಲ್ಲೇ ಕಳೆದ ನಮ್ಮ ದೊಡ್ಡಮ್ಮ, “ಅದನ್ನ ಒಂದನ್ನೇ ಒಳಗೆ ಕೂಡ್ಹಾಕ್ಬೇಡ ಮಾರಾಯ, ಅವುಗಳ ದನಿ ಕೇಳ್ದೆ ಇದ್ರೆ ಅದು ಕೊರಗಿಯೇ ಸಾಯ್ತದೆ,” ಎಂದರು. ನಿದ್ರೆಯ ಮೇಲಿನ ಆ ಪ್ರಯೋಗವನ್ನು ನಾನು ಓದಿದ್ದು ಬಹುಕಾಲದ ಮೇಲೆ. ಇಂಡಿಯಾನಾದ ವಿಜ್ಞಾನಿಗಳು ಯಂತ್ರಗಳಿಂದ ಅಳೆದು ಕಂಡದ್ದನ್ನು ಈ ವೃದ್ಧೆ ದೀರ್ಘಕಾಲದ ಪ್ರೀತಿಪೂರ್ವಕವಾದ ಅವಲೋಕನದಿಂದ ಅರಿತಿದ್ದರೆಂದು ಆಗ ನನಗೆ ಹೊಳೆದು, ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಒಡ್ಡಿಯ ಮುಂದಿನ ಚಾವಡಿಯ ಒಂದು ಮೂಲೆಯನ್ನು ಬಿದಿರಿನ ತಟ್ಟಿಯಿಂದ ಬೇರ್ಪಡಿಸಿ, ನೋಟ ಹಾಯುವಂತೆ ತಟ್ಟಿಯ ಕೆಳಭಾಗಕ್ಕೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆದೆವು. ಬಲೆಯ ಕಣ್ಣು ಸಣ್ಣದಿರಬೇಕಾದುದು ಏಕೆಂದರೆ, ಹುಂಜದ ಕೊಕ್ಕು ಅದರಲ್ಲಿ ತೂರಬಾರದು. ನೆಲಕ್ಕೆ ಭತ್ತದ ಹೊಟ್ಟನ್ನು ಒಂದು ಗೇಣು ಹರಡಿ, ಒದ್ದೆಯಾದುದನ್ನು ದಿನವೂ ತೆಗೆದು ಹೊಸತನ್ನು ಹಾಕುತ್ತಿದ್ದೆವು. ಕುಂಟುವ ಬಾತು ಭಾರವನ್ನೆಲ್ಲ ಒಳ್ಳೆಯ ಕಾಲಿನ ಮೇಲೆಯೇ ಹೇರುವುದರಿಂದ, ಒರಟಾದ ಇಲ್ಲವೆ ಹಸಿಯಾದ ನೆಲದ ಮೇಲೆ ಆ ಜಾಲಪಾದದ ಅಡಿಯೂ ಒಡೆದು, ಸ್ಟ್ಯಾಫಿಲೊಕಾಕಸ್ ಸೇರಿ ಗಂಟುಗಟ್ಟಿ, ಒಂದು ಕಾಲಿನ ರೋಗ ಎರಡಕ್ಕೂ ಹರಡುತ್ತದೆ. ಗುಂಪಿನ ಮೇವಿನ ತಟ್ಟೆಯನ್ನು ತಟ್ಟಿಯ ಆಚೆಗೂ, ಗಾಯದ ಬಾತಿನದನ್ನು ಈಚೆಗೂ, ಬಲೆಗೆ ತಗುಲುವಂತೆ ಎದುರುಬದುರಾಗಿ ಇಟ್ಟುದರ ಫಲವನ್ನು ನಾನು ಎಷ್ಟು ಹೊಗಳಿದರೂ ಸಾಲದು. ಉಳಿದ ಬಾತುಗಳು ನುಚ್ಚಿಗೆ ಮೂತಿಯಿಟ್ಟು ಚಪಚಪಿಸುವುದನ್ನು ಕೇಳಿದೊಡನೆ, ಅದುವರೆಗೆ ಕತ್ತು ಎತ್ತದಿದ್ದ ಬಾತು ತನ್ನ ತಟ್ಟೆಯ ಕಡೆಗೆ ತೆವಳಿತು. ದಿನವೂ ಎದುರಿನಲ್ಲಿ ಕಾಣುವ ಹಕ್ಕಿ ಗುಂಪಿನ ನೆನಪಿನಿಂದ ಜಾರದೆ, ಶ್ರೇಣಿಯಲ್ಲಿ ಅದರ ಸ್ಥಾನ ಹಾಗೆಯೇ ಉಳಿಯುವುದು ಇದರ ಮತ್ತೊಂದು ಲಾಭ. ಕೆಲವು ವಾರ ಕಣ್ಮರೆಯಾಗಿದ್ದು ಮರಳಿದ್ದನ್ನು ಕೋಳಿಗಳು ಪರಕೀಯವೆಂದೇ ಎಣಿಸಿ ಅಟ್ಟುತ್ತವೆ.

ಒಳಗೆ ಜೊತೆಗೆಂದು ಬಿಟ್ಟುದು ಆ ಕಂದು ಹೇಂಟೆಯನ್ನು. ಸಾಮಾನ್ಯವಾಗಿ ಸಾಧುವಾದ ಇನ್ನೊಂದು ಹೆಣ್ಣು ಬಾತನ್ನೇ ಆರಿಸುವುದು ಲೇಸು. ಹೇಂಟೆ ಗಾಯವನ್ನು ಕುಕ್ಕಬಹುದೆಂದು ಮೇಲೆ ಹೇಳಿದ ಭಯ ಇಲ್ಲಿಯೂ ಇದ್ದೇ ಇತ್ತು. ಆದುದರಿಂದ ಬೆನ್ನಿನ ಗಾಯಕ್ಕೆ ಹಕ್ಕಳೆಗಟ್ಟಿ ಕೆಂಪು ಮರೆಯಾಗುವವರೆಗೆ ಕಾದು, ಮೊದಲು ನಮ್ಮ ಕಣ್ಣೆದುರಿಗೆ ಅಷ್ಟಷ್ಟು ಹೊತ್ತು ಬಿಟ್ಟು ನೋಡಿದೆವು. ಅದು ಕುಕ್ಕಲಿಲ್ಲ, ರಾತ್ರಿ ಅಟ್ಟಣಿಗೆಯನ್ನು ಹತ್ತುವ ತನ್ನ ಜಾತಿಯ ಅಭ್ಯಾಸವನ್ನು ಬಿಟ್ಟು, ಬಾತಿನ ಪಕ್ಕದಲ್ಲಿ ನೆಲದ ಮೇಲೆಯೇ ಕೂರತೊಡಗಿತು. ಬೇರೆ ಬೇರೆ ಕುಲಗಳ ಎರಡು ಹಕ್ಕಿಗಳ ನಡುವಣ ಈ ಸಖ್ಯವನ್ನು ವಿವರಿಸಲು ಬಾಲ್ಯದ ಸಹವಾಸವೆಂಬ ಕಾರಣ ಸಾಕಾಗಬಹುದು. ಆದರೂ ಅದನ್ನು ಕಂಡು ನನ್ನ ಮನಸ್ಸು ಕರಗಿತೆಂಬುದನ್ನು ಮುಚ್ಚಿಡಲಾರೆ.

ಇನ್ನು ನೀರಿನ ಮಾತು. ಗಾಯ ಒದ್ದೆಯಾದೀತೆಂಬ ಭಯದಿಂದ ಬಾತಿಗೆ ಅಗಲವಾದ ತಟ್ಟೆಯಲ್ಲಿ ಕುಡಿಯುವಷ್ಟೇ ನೀರಿಡುವವರಿದ್ದಾರೆ, ಅದು ಸಾಲದು. ಮೂಗಿನ ಹೊಳ್ಳೆಗಳನ್ನೂ ಕಣ್ಣನ್ನೂ ತೊಳೆದುಕೊಳ್ಳುವುದಕ್ಕೆ ಬಾತು ಇಡಿಯ ತಲೆಯನ್ನೇ ಮುಳುಗಿಸಬೇಕು, ಮೇವನ್ನು ನುಂಗುವುದಕ್ಕೂ ಅದಕ್ಕೆ ನೀರಿನ ನೆರವು ಬೇಕು. ಆದುದರಿಂದ ಮಗುಚದಂಥ ಆಳವಾದ ಬೋಗುಣಿ ಸದಾ ಹತ್ತಿರವಿರಲಿ. ಕೆರೆಗೆ ಮಾತ್ರ ಗಾಯ ಮುಚ್ಚುವವರೆಗೆ ಬಿಡಬಾರದು; ಕೆಸರಿನ ಕೊಳೆಯ ಜೊತೆಗೆ ಜಿಗಣೆಗಳ ಕಾಟವೂ ಉಂಟು. ಗಾಯ ಮುಚ್ಚಿದ ಮೇಲೆ ಅದೇ ನೀರು ಪರಮೌಷಧ. ಉಗುರುಬೆಚ್ಚಗಿನ ನೀರು ತುಂಬಿದ ಬಾನಿಯಲ್ಲಿ ತೇಲಬಿಟ್ಟಾಗ ಮೈಭಾರವನ್ನೆಲ್ಲ ನೀರು ಹೊರುವುದರಿಂದ, ನೆಲದ ಮೇಲೆ ಊರಲಾರದ ಕಾಲನ್ನು ಬಾತು ಅಲ್ಲಿ ನೋವಿಲ್ಲದೆ ಆಡಿಸುತ್ತದೆ. ಬಾಲದ ಬುಡದ ಗ್ರಂಥಿಯಿಂದ ಜಿಡ್ಡನ್ನು ಕೊಕ್ಕಿನಲ್ಲಿ ತೆಗೆದು ಗರಿಗಳಿಗೆ ಸವರಿಕೊಳ್ಳುವ ಕ್ರಿಯೆ, ನೀರಿನಿಂದ ದೂರವಿದ್ದ ಬಾತಿನಲ್ಲಿ ಕುಂದುತ್ತದೆ. ಅಂಥದರ ತುಪ್ಪುಳ ನೀರು ಹೀರಿ ಮೈ ಥಂಡಿಹಿಡಿಯುವ ಅಪಾಯವಿರುವುದರಿಂದ ಆರಂಭದ ಸ್ನಾನಗಳು ಚಿಕ್ಕವಾಗಿರಬೇಕು. ಜಿಡ್ಡಿನ ಮುಲಾಮುಗಳನ್ನು ಗರಿಗಳಿಗೆ ತಗುಲುವಂತೆ ಬಳಿಯುವುದೂ ಇದೇ ಕೇಡನ್ನು ತರುತ್ತದೆ.

ಆಹಾರದಲ್ಲಿ ನುಚ್ಚು, ತೌಡು, ನೆನೆಸಿದ ರಾಗಿ, ಹಸಿರುಸೊಪ್ಪು, ಗದ್ದೆಯ ಬಸವನಹುಳು ಇವೆಲ್ಲ ಹಿತವಾದವು. ನಯಾಸಿನ್ ಎಂಬ ಜೀವಸತ್ವ ಬಾತಿಗೆ ಕೋಳಿಗಿಂತ ಬಹಳ ಹೆಚ್ಚು ಬೇಕು. ಕೋಳಿಯ ಮೇವನ್ನೇ ತಿಂದು ಬೆಳೆದ ಬಾತುಮರಿಗಳ ಕಾಲು ಸೊಟ್ಟಗಾಗುವುದು ಇದರ ಅಭಾವದಿಂದ. ಪಥ್ಯದ ಮೇವಿಗೆ ಸ್ವಲ್ಪ ಈಸ್ಟನ್ನು ಬೆರೆಸುವುದು ಇದಕ್ಕೆ ಸುಲಭವಾದ ಪರಿಹಾರ. ಮುಗ್ಗುಹಿಡಿದ ಕಡಲೆಕಾಯಿ ಹಿಂಡಿಯನ್ನು ಮಾತ್ರ ಎಂಥ ಸಂದರ್ಭದಲ್ಲಿಯೂ ಹಾಕಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿಕೋಳಿಗಳೂ ಅನೇಕ ಬಾತುಮರಿಗಳೂ ಕಾರಣ ತಿಳಿಯದೆ ಸತ್ತಾಗ, ಹುಡುಕುತ್ತ ಹೋದವರಿಗೆ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ದೊರೆತ ವಿಷವೇ ಅಫ್ಲಾಟಾಕ್ಸಿನ್. ಅದಕ್ಕೆ ಬಾತಿನಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ವಿರಳ. ಮಲೆನಾಡಿನ ಆಷಾಢದಲ್ಲಿ ಒಣಗಿದ್ದೆಂದು ಹೇಳಬಹುದಾದ ಹಿಂಡಿ ಯಾವ ಮನೆಯಲ್ಲಿದ್ದೀತು!

ಮಳೆಗಾಲದ ಇನ್ನೊಂದು ಶತ್ರು ನೊಣ. ಬೆಳಗ್ಗೆ ಗಾಯದ ಮೇಲೆ ಕೂತ ನೊಣದ ಮೊಟ್ಟೆ ಮರುದಿನದೊಳಗೆ ಹುಳವಾಗುವುದರಿಂದ, ಎರಡು ಹೊತ್ತೂ ಗರಿಗಳನ್ನು ಸರಿಸಿ ನೋಡುವುದನ್ನು ತಪ್ಪಿಸಬಾರದು. ದನಗಳ ಹುಣ್ಣಿಗೆ ಸುರಿಯುವ ಟರ್ಪೆಂಟೈನ್ ಎಣ್ಣೆ ಹಕ್ಕಿಯ ತೆಳುವಾದ ಚರ್ಮವನ್ನು ಸುಡುತ್ತದೆ. ಹುಳಗಳನ್ನು ಚಿಮುಟದಿಂದ ಒಂದೊಂದಾಗಿ ತೆಗೆದು ಉಪ್ಪುನೀರಿನಿಂದ ತೊಳೆಯುವ ತಾಳ್ಮೆಯೇ ಅಲ್ಲಿ ಮದ್ದು.

ಗುಂಪಿಗೆ ಮರಳಿಸುವ ಕಾರ್ಯವನ್ನು ಇಕ್ಕಟ್ಟಾದ ಒಡ್ಡಿಯೊಳಗೆ ರಾತ್ರಿಯಲ್ಲಿ ಆರಂಭಿಸದೆ, ಬಯಲಿನಲ್ಲಿ ಹಗಲಿನ ಮೇವಿನ ಹೊತ್ತಿಗೆ ಆರಂಭಿಸಬೇಕೆಂಬುದು ಬಾತುಗಳ ಮಟ್ಟಿಗೆ ನನ್ನ ಖಚಿತವಾದ ಅಭಿಪ್ರಾಯ. ಬೆದರಿದಾಗ ಹಿಂಜರಿಯಲು ಸ್ಥಳವಿದ್ದರೆ ಜಗಳ ಬೆಳೆಯದು. ಮೇವಿನ ತಟ್ಟೆಗಳನ್ನೂ ನೀರಿನ ಪಾತ್ರೆಗಳನ್ನೂ ಹೆಚ್ಚಿಸಿ ದೂರದೂರಕ್ಕೆ ಇಟ್ಟು, ಗಂಡು ಬಾತನ್ನೂ ಜಗಳಗಂಟ ಹುಂಜವನ್ನೂ ಆ ಹೊತ್ತು ಮಂಕರಿಯಡಿಯಲ್ಲಿ ಮುಚ್ಚಿಟ್ಟು, ಗಾಯ ಮಾಯ್ದ ಬಾತನ್ನೂ ಅದರ ಸಂಗಾತಿಯನ್ನೂ ಒಟ್ಟಿಗೆ ಹೊರಬಿಟ್ಟೆವು. ಕಾಲು ಚೆನ್ನಾಗಿ ಊರುವವರೆಗೆ ರಾತ್ರಿ ತಟ್ಟಿಯ ಒಳಗೆ, ಹಗಲು ಗುಂಪಿನಲ್ಲಿ. ಗಂಡು ಬಾತನ್ನು ಸೇರಿಸಿದ್ದು ಎಲ್ಲಕ್ಕಿಂತ ಕಡೆಯಲ್ಲಿ, ಹೆಣ್ಣಿಗೆ ಓಡಿ ತಪ್ಪಿಸಿಕೊಳ್ಳುವ ಶಕ್ತಿ ಬಂದ ಮೇಲೆ.

ಇಷ್ಟೆಲ್ಲ ಹೇಳಿದ್ದು ಗಾಯವೆಂದು ನಿಶ್ಚಯವಾದ ಹಕ್ಕಿಯ ವಿಷಯ. ಗಾಯವಿಲ್ಲದೆ ಹಲವು ಹಕ್ಕಿಗಳು ಒಟ್ಟಿಗೆ ಮಂಕಾದರೆ, ಕತ್ತು ತಿರುಚಿದರೆ, ದಿಢೀರನೆ ಸತ್ತರೆ, ಯಾವುದನ್ನೂ ಬರಿಗೈಯಿಂದ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸತಕ್ಕದ್ದು. ಹಕ್ಕಿಜ್ವರದ ವಿಷಾಣುವನ್ನು ಬಾತು ತಾನು ಕಾಯಿಲೆ ಬೀಳದೆಯೂ ಹೊತ್ತಿರಬಲ್ಲದಾದ್ದರಿಂದ, ಬೆರೆತ ಗುಂಪನ್ನು ಸಾಕಿದವರಿಗೆ ಈ ಎಚ್ಚರ ಇಮ್ಮಡಿಯಾಗಿ ಬೇಕು. 2012ರಲ್ಲಿ ಹೆಸರಘಟ್ಟದ ಆ ಸಂಸ್ಥೆಯಲ್ಲಿಯೇ ಅದು ಟರ್ಕಿಕೋಳಿಗಳಲ್ಲಿ ಕಾಣಿಸಿಕೊಂಡು, ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂದಿತು.

ಕೆಲವು ಬಾತುಗಳ ಕುಂಟು ಪೂರ್ತಿಯಾಗಿ ಹೋಗುವುದಿಲ್ಲ, ನಮ್ಮದರದೂ ಹೋಗಲಿಲ್ಲ. ಅಂಥದನ್ನು ನಿರುಪಯೋಗಿಯೆಂದು ತ್ಯಜಿಸಬೇಕಾಗಿಲ್ಲ. ಮೊಟ್ಟೆಯಿಡುವುದಕ್ಕೂ ಗುಂಪಿನಲ್ಲಿ ಬಾಳುವುದಕ್ಕೂ ಕುಂಟು ಅಡ್ಡಿಯಾಗದು, ಮತ್ತು ಚೆನ್ನಾಗಿ ನೋಡಿಕೊಂಡ ಸಾಕುಬಾತು ಹತ್ತು ವರ್ಷವಾದರೂ ಬದುಕಬಲ್ಲದು. ಒಡ್ಡಿಯ ಹೊಸ್ತಿಲನ್ನು ತಗ್ಗಿಸಿ, ನೀರಿನ ಬಾನಿಗೆ ಇಳಿಜಾರಾದ ಹಲಗೆಯನ್ನು ಒರಗಿಸಿ, ಅದು ಜಾರದಂತೆ ಮೇಲೆ ಗೋಣಿತಾಟನ್ನು ಹೊಡೆದು, ಮೇವಿನ ಹೊತ್ತಿಗೆ ಕಡೆಯಲ್ಲಿ ಬರುವ ಅದರ ಪಾಲನ್ನು ಬೇರೆಯಾಗಿ ತೆಗೆದಿಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಹಲಗೆಯ ಇಳಿಜಾರು ಎಷ್ಟಿರಬೇಕೆಂಬುದು ಬಾತಿನ ನಡಿಗೆಯನ್ನು ಒಂದೆರಡು ಹೊತ್ತು ಗಮನಿಸಿದವರಿಗೆ ತಾನಾಗಿ ತಿಳಿಯುವುದು. ಎದೆ ಹಲಗೆಗೆ ತಾಗುತ್ತಿದ್ದರೆ ಇನ್ನೂ ತಗ್ಗಿಸಬೇಕು.